ಬಿಸಿಲಿಗೆ ಬಿಗಿಯುವ ಡೊಳ್ಳು

ಮಳೆಗಾಲದ ಮಲೆನಾಡಿನಲ್ಲಿ ಡೊಳ್ಳಿನ ದನಿ ಮಂಕು. ಗಾಳಿಯಲ್ಲಿನ ತೇವ ಹೀರಿ ಚರ್ಮ ಸಡಿಲವಾಗುತ್ತದೆ, ಎಷ್ಟು ಬಡಿದರೂ ಸದ್ದು ಒಳಗೇ ಉಳಿಯುತ್ತದೆ. ಬೇಸಿಗೆಯಲ್ಲಿ ಆ ಚಿಂತೆಯಿಲ್ಲ. ಮಾರಿಜಾತ್ರೆ, ತೇರು, ಮದುವೆ ಎಲ್ಲ ಒಂದರ ಹಿಂದೊಂದು ಬರುವ ಈ ತಿಂಗಳುಗಳಲ್ಲಿ ಶಿವಮೊಗ್ಗ, ಭದ್ರಾವತಿಯ ಬೀದಿಗಳಲ್ಲಿ ಸಂಜೆಯಾಯಿತೆಂದರೆ ಬಿಸಿಲಿಗೆ ಬಿಗಿದ ಡೊಳ್ಳಿನ ದನಿ ಎರಡು ಬೀದಿ ಆಚೆಗೂ ಕೇಳುತ್ತದೆ.

ಡೊಳ್ಳು ಮೂಲತಃ ಹಾಲುಮತದವರೆನಿಸಿದ ಕುರುಬರ ವಾದ್ಯ. ಅವರ ದೇವರಾದ ಬೀರೇಶ್ವರನ ಆರಾಧನೆಯ ಭಾಗವಾಗಿ ಬೆಳೆದದ್ದು. ತನ್ನನ್ನು ನುಂಗಿದ ಡೊಳ್ಳಾಸುರನ ಹೊಟ್ಟೆ ಸೀಳಿ ಹೊರಬಂದ ಶಿವ, ಅವನ ಚರ್ಮದಿಂದಲೇ ವಾದ್ಯ ಮಾಡಿ ಭಕ್ತರ ಕೈಗೆ ಕೊಟ್ಟನೆಂಬುದು ಹಾಲುಮತದವರು ಹೇಳಿಕೊಂಡು ಬಂದ ಕಥೆ. ಉತ್ತರ ಕರ್ನಾಟಕದಲ್ಲಿ ಡೊಳ್ಳಿನ ಜೊತೆ ಹಾಡಿಗೆ ಹೆಚ್ಚು ಮರ್ಯಾದೆ. ಶಿವಮೊಗ್ಗ ಸೀಮೆಯಲ್ಲಿ ಕುಣಿತವೇ ಮುಂದು.

ವಾದ್ಯದ ರಚನೆ ನೋಡಲು ಸರಳ. ಮರದ ದಿಮ್ಮಿಯ ತಿರುಳು ತೆಗೆದು ಪೊಳ್ಳು ಮಾಡಿ, ಎರಡೂ ಬಾಯಿಗೆ ಹದ ಮಾಡಿದ ಆಡು, ಕುರಿಯ ಚರ್ಮ ಹೊದಿಸಿ, ಹಗ್ಗದಿಂದ ಎಳೆದು ಬಿಗಿಯುತ್ತಾರೆ. ಒಂದು ಬದಿಗೆ ಕೋಲಿನ ಪೆಟ್ಟು, ಇನ್ನೊಂದಕ್ಕೆ ಬರಿಗೈ. ಕೋಲು ಬಿದ್ದ ಕಡೆ ಖಡಕ್ ದನಿ, ಅಂಗೈ ಬಿದ್ದ ಕಡೆ ಎದೆಯೊಳಗೆ ಇಳಿಯುವ ಗುಂಯ್‌ಗುಡುವ ದನಿ. ಹತ್ತು ಕಿಲೋ ಮೀರಿದ ಈ ಭಾರವನ್ನು ಹೆಗಲಿಗೆ ತೂಗುಹಾಕಿಕೊಂಡು ಕುಣಿಯಬೇಕು, ಕೂರಬೇಕು, ಗಿರ್ರನೆ ತಿರುಗಬೇಕು. ಇಷ್ಟೆಲ್ಲದರ ನಡುವೆ ಪೆಟ್ಟು ಮಾತ್ರ ತಪ್ಪಕೂಡದು. ಈಗ ಫೈಬರ್ ಹೊದಿಕೆಯ ಡೊಳ್ಳುಗಳೂ ಬಂದಿವೆ. ಅವು ಮಳೆಗೆ ಹೆದರುವುದಿಲ್ಲ, ಆದರೆ ಚರ್ಮದ ಆ ಗುಂಯ್ ಅವುಗಳಿಗೆ ಒಲಿಯದು.

ಬೀದಿಯಲ್ಲಿ ಡೊಳ್ಳಿನ ತಂಡವನ್ನು ಹತ್ತಿರದಿಂದ ನೋಡಬೇಕು. ದೇವರು ಅಥವಾ ದಿಬ್ಬಣ ಮುಂದೆ ಸಾಗುತ್ತಿರುವಾಗ ಹೊಡೆತ ಸರಳವಾಗಿರುತ್ತದೆ. ಅದು ನಡಿಗೆಗೆ ಹೊಂದಿದ ಲಯ. ಸರ್ಕಲ್ ಬಂತೆಂದರೆ ತಂಡ ನಿಂತು ವೃತ್ತವಾಗುತ್ತದೆ. ತಾಳ ಹಿಡಿದ ಮುಖಂಡ ನಡುವೆ ನಿಂತು ಕಣ್ಸನ್ನೆಯಲ್ಲೇ ಹೊಡೆತದ ಗತ್ತು ಬದಲಿಸುತ್ತಾನೆ. ಒಂಟಿ ಪೆಟ್ಟು ಜೋಡಿಯಾಗುತ್ತದೆ, ಜೋಡಿ ನಾಲ್ಕಾಗುತ್ತದೆ, ಕಾಲಿನ ಗೆಜ್ಜೆ ಅದನ್ನು ಹಿಂಬಾಲಿಸುತ್ತದೆ. ಬೆವರಿನಿಂದ ಕೋಲು ಜಾರದಿರಲೆಂದು ಒಬ್ಬ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾನೆ. ಆ ಅರೆಗಳಿಗೆಯ ಖಾಲಿಯನ್ನು ಪಕ್ಕದವನು ತುಂಬಿಬಿಡುತ್ತಾನೆ. ಕಬ್ಬಿನ ಹಾಲಿನ ಗಾಡಿಯವನು ಯಂತ್ರ ನಿಲ್ಲಿಸುತ್ತಾನೆ. ಸಿಟಿ ಬಸ್ಸಿನ ಕಿಟಕಿಗಳಿಂದ ಮೊಬೈಲ್‌ಗಳು ಹೊರಬರುತ್ತವೆ. ಹಾರ್ನ್ ಹೊಡೆಯುತ್ತಿದ್ದ ಆಟೋದವನೂ ಕೊನೆಗೆ ಎಂಜಿನ್ ಆಫ್ ಮಾಡಿ ಇಳಿಯುತ್ತಾನೆ. ಶಿವಮೊಗ್ಗದ ಗಾಂಧಿ ಬಜಾರ್‌ನಂಥ ಇಕ್ಕಟ್ಟಾದ ಬೀದಿಯಲ್ಲಿ ಎರಡೂ ಕಡೆಯ ಗೋಡೆಗೆ ತಾಗಿ ಮರಳುವ ಸದ್ದು ಹತ್ತು ಡೊಳ್ಳನ್ನು ಇಪ್ಪತ್ತು ಮಾಡುತ್ತದೆ. ಇದಕ್ಕೆ ಟಿಕೆಟ್ ಇಲ್ಲ, ಕುರ್ಚಿ ಇಲ್ಲ, ಮುಂದಿನ ಸಾಲು ಯಾರಿಗೂ ಕಾದಿರಿಸಿಲ್ಲ.

ಹೀಗೆ ಎಲ್ಲರಿಗೂ ತೆರೆದ ಬೀದಿಯಲ್ಲಿ ಹೊರಗಿನವರನ್ನು ಒಳಗೆ ಮಾಡಿಕೊಳ್ಳುವುದು ಭದ್ರಾವತಿಗೆ ಹೊಸದಲ್ಲ. 1918ರಲ್ಲಿ ಕೆಲಸ ಶುರುವಾಗಿ 1923ರಲ್ಲಿ ಉತ್ಪಾದನೆಗಿಳಿದ ಕಬ್ಬಿಣದ ಕಾರ್ಖಾನೆ, ಮುಂದೆ 1930ರ ದಶಕದಲ್ಲಿ ಬಂದ ಕಾಗದದ ಕಾರ್ಖಾನೆ, ಎರಡೂ ಸೇರಿ ಬೇರೆ ಬೇರೆ ಭಾಷೆಯ ಕಾರ್ಮಿಕರನ್ನು ಇಲ್ಲಿಗೆ ಕರೆತಂದವು. ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಊರಿದು. ಪಾಳಿ ಮುಗಿಸಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದವರಿಗೆ ಜಾತ್ರೆಯ ಮೆರವಣಿಗೆಯಲ್ಲಿ ಡೊಳ್ಳು ನೋಡಲು ಭಾಷೆ ಬೇಕಿರಲಿಲ್ಲ, ಜಾತಿಯ ಪರಿಚಯವೂ ಬೇಕಿರಲಿಲ್ಲ. ಒಂದು ಸಮುದಾಯದ ದೇವರ ವಾದ್ಯ ಊರಿನ ವಾದ್ಯವಾಗುವುದು ಹೀಗೆ ಬೀದಿಯಲ್ಲೇ. ಶಿವಮೊಗ್ಗದಲ್ಲಿ ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆಯ ಜಾತ್ರೆಗೆ ಸೇರುವ ಜನಸಾಗರವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಡೊಳ್ಳಿಗೆ ಎದುರಾಳಿ ಡಿಜೆ. ಲಾರಿಯ ಮೇಲೆ ಪೇರಿಸಿದ ಸ್ಪೀಕರ್‌ಗಳ ಮುಂದೆ ಡೊಳ್ಳಿನವರು ಎಷ್ಟು ಬಡಿದರೂ ಸೋಲೇ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದೆನ್ನುವ 2000ದ ನಿಯಮ ಇದೆ, ಆದರೆ ಮೆರವಣಿಗೆಯ ಭರಾಟೆ ಇರುವುದು ಅದಕ್ಕೆ ಮೊದಲಿನ ಗಂಟೆಗಳಲ್ಲಿ. ಇನ್ನೊಂದು ಒತ್ತಡ ಮೆತ್ತಗಿನದು, ಅದು ವೇದಿಕೆ. ಉದ್ಘಾಟನೆಗೆ ಐದು ನಿಮಿಷ, ಗಣ್ಯರ ಸ್ವಾಗತಕ್ಕೆ ಮೂರು ನಿಮಿಷ ಎಂದು ಕರೆದಾಗ ತಂಡ ಒಬ್ಬರ ಹೆಗಲೇರಿ ಒಬ್ಬರು ನಿಲ್ಲುವ ಪಿರಮಿಡ್ ಮಾಡಿ, ಚಪ್ಪಾಳೆ ಗಿಟ್ಟಿಸಿ ಇಳಿಯಬೇಕಾಗುತ್ತದೆ. ನಿಧಾನಕ್ಕೆ ಕಾವೇರುವ ಲಯಕ್ಕೆ ಅಲ್ಲಿ ಜಾಗವಿಲ್ಲ.

ಹಾಗೆಂದು ಕಲೆ ಮೂಲೆ ಸೇರಿಲ್ಲ. ಕಾಲೇಜು ಯುವಜನೋತ್ಸವಗಳಲ್ಲಿ ಜಾತಿ ಕೇಳದೆ ಹುಡುಗರು ಡೊಳ್ಳು ಕಟ್ಟುತ್ತಾರೆ. ಒಂದು ಕಾಲಕ್ಕೆ ಗಂಡಸರದೇ ಆಗಿದ್ದ ಈ ಭಾರವನ್ನು ಮಹಿಳಾ ತಂಡಗಳು ಹೆಗಲಿಗೇರಿಸಿಕೊಂಡಿವೆ. ಕಸುಬು ಬಿಟ್ಟು ಬೆಂಗಳೂರಿಗೆ ಹೋಗುವ ಡೊಳ್ಳಿನ ಹುಡುಗರ ಕಥೆಯನ್ನೇ ನಿರ್ದೇಶಕ ಸಾಗರ್ ಪುರಾಣಿಕ್ ‘ಡೊಳ್ಳು’ ಚಿತ್ರವಾಗಿಸಿದರು. ಅದಕ್ಕೆ 68ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರದ ಮನ್ನಣೆ ಸಿಕ್ಕಿತು.

ಪ್ರಶಸ್ತಿಯಿಂದ ತಂಡದ ಹೊಟ್ಟೆ ತುಂಬದು. ಡೊಳ್ಳಿನವರಿಗೆ ಜಾತ್ರಾ ಸಮಿತಿಗಳು, ಮದುವೆ ಮನೆಯವರು ಮಾಡಬಹುದಾದ ಉಪಕಾರ ತೀರಾ ಸಣ್ಣದು: ಒಪ್ಪಿಕೊಂಡ ಸಂಭಾವನೆಯನ್ನು ಆ ದಿನವೇ ಕೊಡುವುದು, ಡಿಜೆ ಲಾರಿಯನ್ನು ಅವರ ಬೆನ್ನಿಗೆ ತಂದು ನಿಲ್ಲಿಸದಿರುವುದು, ಪ್ರತಿ ಸರ್ಕಲ್‌ನಲ್ಲೂ ಕಾಲು ಗಂಟೆ ನಿಲ್ಲಲು ಬಿಡುವುದು. ಆ ಕಾಲು ಗಂಟೆ ಸಿಕ್ಕರೆ ಜನ ಸೇರಿಸುವ ಕೆಲಸವನ್ನು ಡೊಳ್ಳೇ ನೋಡಿಕೊಳ್ಳುತ್ತದೆ.