ಅವನೋ, ಅವಳೋ? ಯಲ್ಲಮ್ಮನ ಗುಡ್ಡದ ಸೀಮೆಯ ಒಂದು ಪ್ರಶ್ನೆ

ಹೆಸರಿನಲ್ಲೇ ಇಡೀ ಕಥೆ ಹೇಳಿಬಿಡುವ ಚಿತ್ರಗಳು ನಮ್ಮಲ್ಲಿ ಕಡಿಮೆ. ‘ನಾನು ಅವನಲ್ಲ... ಅವಳು’ ಅಂಥದೊಂದು. ಬಿ. ಎಸ್. ಲಿಂಗದೇವರು ನಿರ್ದೇಶಿಸಿದ ಈ ಚಿತ್ರ 2015ರಲ್ಲಿ ತೆರೆ ಕಂಡಿತು. ತಮಿಳಿನ ಲಿವಿಂಗ್ ಸ್ಮೈಲ್ ವಿದ್ಯಾ ಬರೆದ ಆತ್ಮಕಥೆಯೇ ಇದಕ್ಕೆ ಆಧಾರ. ಗಂಡಾಗಿ ಹುಟ್ಟಿ, ಒಳಗೆ ಹೆಣ್ಣಾಗಿ ಬೆಳೆದು, ಕೊನೆಗೆ ಹೆಣ್ಣೇ ಆದ ಜೀವದ ಕಥೆ. ನಾಯಕ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಗೆದ್ದರು. ಅಂದ ಹಾಗೆ, ಆ ಚಿತ್ರಕ್ಕೆ ಬಂದ ಇನ್ನೊಂದು ರಾಷ್ಟ್ರಪ್ರಶಸ್ತಿ ಯಾವುದಕ್ಕೆ ಗೊತ್ತೇ, ವಾಚಕರೇ? ಪ್ರಸಾಧನಕ್ಕೆ, ಅಂದರೆ ಬಣ್ಣ ಹಚ್ಚಿದವರಿಗೆ! ಪಾಪ, ವಿಜಯ್ 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡರು. ಮನೆಯವರು ಅವರ ಅಂಗಾಂಗಗಳನ್ನು ದಾನ ಮಾಡಿದರು.

ಇದಕ್ಕೂ ಮೊದಲು, 2009ರಲ್ಲಿ, ನೆರೆಯ ಮರಾಠಿಯಲ್ಲಿ ‘ಜೋಗವಾ’ ಬಂದಿತ್ತು. ರಾಜೀವ ಪಾಟೀಲರ ನಿರ್ದೇಶನ, ಅಜಯ್-ಅತುಲ್ ಸಂಗೀತ. ರಾಜನ್ ಗವಸ್ ಅವರ ‘ಚೌಂಡಕ’ ಮತ್ತು ‘ಭಂಡಾರಭೋಗ’ ಕಾದಂಬರಿಗಳಿಂದ ಕಥೆಯ ಎಳೆ ತೆಗೆದಿದ್ದರು. ಚೌಂಡಕ ಎಂದರೆ ಬೇರೇನಲ್ಲ, ನಮ್ಮ ಗುಡ್ಡದ ಚೌಡಿಕೆಯೇ. ದೇವಿ ಕರೆದಿದ್ದಾಳೆ ಎಂದು ಮನೆಯವರು ಒಬ್ಬ ಹುಡುಗನಿಗೆ ಬಲವಂತದಿಂದ ಸೀರೆ ಉಡಿಸಿ ಜೋಗತನಕ್ಕೆ ಬಿಡುತ್ತಾರೆ. ಸೀರೆಯೊಳಗೆ ಆತ ಗಂಡಸೇ. ಜೋಗತಿಯೊಬ್ಬಳ ಮೇಲೆ ಅವನಿಗೆ ಪ್ರೇಮ ಹುಟ್ಟುತ್ತದೆ. ಈ ಪಾತ್ರ ಮಾಡಿದ ಉಪೇಂದ್ರ ಲಿಮಯೆ ಅವರಿಗೂ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ!

ಎರಡು ಚಿತ್ರ, ಎರಡು ಪ್ರಶಸ್ತಿ. ಒಬ್ಬನನ್ನು ಊರು ಗಂಡು ಎಂದರೆ ‘ಅಲ್ಲ’ ಅನ್ನುತ್ತಾನೆ. ಇನ್ನೊಬ್ಬನನ್ನು ಊರು ಗಂಡಲ್ಲ ಎಂದರೆ ‘ಹೌದು’ ಅನ್ನುತ್ತಾನೆ. ಇಬ್ಬರಿಗೂ ತಾವು ಯಾರು ಎಂಬುದು ಸ್ಪಷ್ಟವಾಗಿ ಗೊತ್ತು. ಗೊತ್ತಿಲ್ಲದ್ದು ಊರಿಗೆ. ಆದರೆ ತನಗೇ ಇನ್ನೂ ಗೊತ್ತಾಗದವನ ಗತಿ ಏನು? ಅವನ ಚಿತ್ರ ಯಾರು ತೆಗೆದಿದ್ದಾರೆ?

ಈ ಪ್ರಶ್ನೆ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ರಾಮದುರ್ಗದ ಸೀಮೆಯ ಒಬ್ಬ ಹುಡುಗ ಕೇಳಿದ್ದು. ಅವನ ಮಾತು ಮುಂದೆ ಬರುತ್ತದೆ. ಮೊದಲು ಈ ಸೀಮೆಯ ಸಂಗತಿ ಸ್ವಲ್ಪ ಕೇಳಿ.

ಸೀರೆ ಉಟ್ಟ ಗಂಡಸರು, ಕತ್ತಿ ಹಿಡಿದ ಹೆಂಗಸರು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳ ಜನಕ್ಕೆ ಹೆಣ್ಣುವೇಷ ಹೊಸದಲ್ಲ. ‘ಸಂಗ್ಯಾ ಬಾಳ್ಯಾ’ ಸಣ್ಣಾಟದ ಕಥೆ ನಡೆದದ್ದೇ ಬೈಲಹೊಂಗಲದಲ್ಲಿ. ಆ ಆಟದ ಗಂಗಿಯ ಪಾತ್ರವನ್ನು ಮೊದಮೊದಲು ಕಟ್ಟಿದವರೆಲ್ಲ ಗಂಡಸರೇ. ಸವದತ್ತಿ ಸೀಮೆಯ ಏಣಗಿಯಲ್ಲಿ ಹುಟ್ಟಿದ ನಾಡೋಜ ಏಣಗಿ ಬಾಳಪ್ಪನವರು ಕಂಪನಿಯ ಯಜಮಾನರಾಗಿ, ಬಸವಣ್ಣನ ಪಾತ್ರದಿಂದ ಮನೆಮಾತಾಗಿ, ನೂರು ದಾಟಿ ಬದುಕಿ 2017ರಲ್ಲಿ ತೀರಿಕೊಂಡರು. ಎಳವೆಯಲ್ಲಿ ಅವರು ಕಟ್ಟಿದ್ದೂ ಹೆಣ್ಣುಪಾತ್ರಗಳನ್ನೇ. ಮರಾಠಿಯ ಬಾಲಗಂಧರ್ವರ ಮಾತಂತೂ ಕೇಳುವುದೇ ಬೇಡ. ಅವರು ಸೀರೆ ಉಡುವ ರೀತಿ ನೋಡಿ ಮನೆಹೆಂಗಸರು ಸೀರೆ ಉಡುತ್ತಿದ್ದರಂತೆ!

ಇನ್ನು ಹೆಂಗಸರ ಕಡೆ ನೋಡಿ. ಬೆಳವಡಿ ಮಲ್ಲಮ್ಮ ಹೆಣ್ಣುಮಕ್ಕಳ ಪಡೆ ಕಟ್ಟಿ ಶಿವಾಜಿಯ ಸೈನ್ಯದ ಎದುರು ನಿಂತವಳು. ಕಿತ್ತೂರು ಚೆನ್ನಮ್ಮ 1824ರಲ್ಲಿ ಕಂಪನಿ ಸರಕಾರಕ್ಕೆ ಸೆಡ್ಡು ಹೊಡೆದವಳು. ಆಕೆಯ ಸಮಾಧಿ ಇರುವುದು ಬೈಲಹೊಂಗಲದಲ್ಲೇ. ಬಿ. ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ದಲ್ಲಿ (1961) ಬಿ. ಸರೋಜಾದೇವಿ ಆ ಗತ್ತಿನಲ್ಲಿ ನಿಂತದ್ದನ್ನು ನೋಡಿ ಈ ಕಡೆಯ ಜನ ಚಪ್ಪಾಳೆ ತಟ್ಟಿದರು.

ಹೆಣ್ಣು ಕತ್ತಿ ಹಿಡಿದರೆ ಗಂಡೆದೆಯವಳು ಎಂದು ಹೊಗಳಿಕೆ. ಗಂಡು ಸೀರೆ ಉಟ್ಟರೆ? ಬಣ್ಣ ಒರೆಸಿಕೊಂಡು ಬೆಳಗ್ಗೆ ಪಂಚೆ ಉಡುವವನಾದರೆ ಕಲಾವಿದ. ಬೆಳಗಾದರೂ ಸೀರೆ ಬಿಚ್ಚದಿದ್ದರೆ ನಗೆ! ಸಿನಿಮಾದವರೂ ಇದನ್ನೇ ನೆಚ್ಚಿದರು. ಕಮಲಹಾಸನ್ 1996ರ ‘ಅವ್ವೈ ಷಣ್ಮುಗಿ’ಯಲ್ಲಿ ಮುದುಕಿಯಾಗಿ ಗಲ್ಲಾಪೆಟ್ಟಿಗೆ ತುಂಬಿಸಿದರು. ಕಥೆ ಮುಗಿಯುವ ಹೊತ್ತಿಗೆ ವೇಷ ಕಳಚುತ್ತದೆಂದು ನಮಗೆ ಗೊತ್ತು, ಅದಕ್ಕೇ ನಿಶ್ಚಿಂತೆಯಿಂದ ನಗುತ್ತೇವೆ. ವೇಷವಲ್ಲದ ಸೀರೆಯ ಮುಂದೆ ನಮಗೆ ಹೇಗೆ ಕೂಡಬೇಕೆಂದೇ ತಿಳಿಯುವುದಿಲ್ಲ.

ಗುಡ್ಡ ಕೊಟ್ಟ ಹೆಸರು

ಬಿಚ್ಚದ ಸೀರೆಗೆ ಒಂದು ಜಾಗ ಉಂಟು. ಸವದತ್ತಿಯ ಯಲ್ಲಮ್ಮನ ಗುಡ್ಡ. ಹುಣ್ಣಿಮೆಯ ದಿನ ಹೋಗಿ ನೋಡಿ. ಭಂಡಾರದ ಹಳದಿ ಧೂಳು, ‘ಉಧೋ ಉಧೋ’ ಎಂಬ ಕೂಗು, ಜೋಗುಳಬಾವಿಯ ಹತ್ತಿರ ಮೀಯುವವರ ಗದ್ದಲ. ಆ ಗದ್ದಲದ ನಡುವೆ ತಲೆಯ ಮೇಲೆ ಕೊಡ ಹೊತ್ತು, ಕೈ ಬಿಟ್ಟು, ಚೌಡಿಕೆಯ ತಾಳಕ್ಕೆ ಕುಣಿಯುವವರು ಇರುತ್ತಾರೆ. ಮೈಮೇಲೆ ಸೀರೆ, ಹಣೆಯಲ್ಲಿ ಭಂಡಾರ, ಕೊರಳಲ್ಲಿ ಕೆಂಪು-ಬಿಳಿ ಮುತ್ತಿನ ಸರ. ಅವರೇ ಜೋಗಪ್ಪ.

ಈ ಹೆಸರನ್ನು ಸ್ವಲ್ಪ ಗಮನಿಸಿ. ಸೀರೆ ಉಟ್ಟವರಿಗೆ ‘ಅಪ್ಪ’! ಮಾತಾಡಿಸುವಾಗ ಜನ ಅಪ್ಪ ಅನ್ನುವುದಿಲ್ಲ, ಯಕ್ಕಾ ಅನ್ನುತ್ತಾರೆ, ತಾಯಿ ಅನ್ನುತ್ತಾರೆ. ಕಾಲಿಗೆ ಬೀಳುತ್ತಾರೆ, ಮರದಲ್ಲಿ ಜೋಳ ಹಾಕುತ್ತಾರೆ. ದೀಕ್ಷೆಯ ದಿನ ಉಡಿದಾರ ಕಡಿದು, ಸೀರೆ ಉಡಿಸಿ, ಬಳೆ ತೊಡಿಸಿ, ಮುತ್ತು ಕಟ್ಟುತ್ತಾರೆ. ಹಿಜಡಾ ಪದ್ಧತಿಯ ನಿರ್ವಾಣ, ಅಂದರೆ ಅಂಗಚ್ಛೇದ, ಇವರ ಸಂಪ್ರದಾಯದಲ್ಲಿಲ್ಲ. ಮದುವೆಯಾಗಿ ಮಕ್ಕಳಾದ ಮೇಲೆ ಮುತ್ತು ಕಟ್ಟಿಸಿಕೊಂಡವರೂ ಉಂಟು. ನಿಕೊಲಸ್ ಬ್ರಾಡ್‌ಫರ್ಡ್ ಎಂಬ ಮಾನವಶಾಸ್ತ್ರಜ್ಞ 1983ರಲ್ಲೇ ಇವರ ಬಗ್ಗೆ ಪ್ರಬಂಧ ಬರೆದ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ದಿನಾ ಕಾಣುವವರ ಬಗ್ಗೆ ಪರದೇಶದ ಪತ್ರಿಕೆ ಬರೆದಷ್ಟೂ ನಾವು ಬರೆದಿರಲಿಲ್ಲ.

ಪುರಾಣದಲ್ಲೂ ಅವರಿಗೊಂದು ಕಥೆ ಇದೆ. ರೇಣುಕೆಯ ತಲೆ ಕಡಿಯಿರೆಂದು ಜಮದಗ್ನಿ ಹೇಳಿದಾಗ ಪರಶುರಾಮನೊಬ್ಬ ಕೊಡಲಿ ಎತ್ತಿದ. ಒಲ್ಲೆ ಎಂದ ಉಳಿದ ಮಕ್ಕಳಿಗೆ ಗಂಡಸುತನ ಹೋಗಲೆಂದು ಶಾಪ ಬಿತ್ತು. ಜೋಗಪ್ಪಗಳು ಆ ಮಕ್ಕಳ ಕಡೆಯವರು ಎಂದು ಗುಡ್ಡದಲ್ಲಿ ಹೇಳುತ್ತಾರೆ. ಹೆತ್ತವ್ವನ ಮೇಲೆ ಕೈ ಎತ್ತದವರಿಗೆ ಶಾಪವೇ! ಈ ನ್ಯಾಯ ನನಗಂತೂ ಇಂದಿಗೂ ತಿಳಿದಿಲ್ಲ.

ಗುಡ್ಡದ ಒಬ್ಬ ಹಿರಿಯ ಜೋಗಪ್ಪನನ್ನು ಕೇಳಿದೆ. “ನಿಮಗ ಏನಂತ ಕರೀಬೇಕ್ರಿ, ಅಪ್ಪ ಅನ್ಲೋ ಅವ್ವ ಅನ್ಲೋ?”

ಎಲೆ ಅಡಿಕೆ ಮಡಚುತ್ತಾ ನಕ್ಕರು. “ಹೆಸರಿನ್ಯಾಗ ಅಪ್ಪ, ಸೀರಿಯಾಗ ಅವ್ವ. ಎರಡೂ ಆಕೀನs ಕೊಟ್ಟದ್ದು. ಜೋಗ ನೀಡಾವರು ಇದನ್ನ ಕೇಳೂದಿಲ್ಲ. ಪೇಪರ್‌ನವರಷ್ಟs ಕೇಳ್ತಾರ ನೋಡ್ರಿ.”

ಈ ಹೆಸರೇ ಒಂದು ಬದುಕು ಕಟ್ಟಿಕೊಟ್ಟದ್ದಕ್ಕೆ ಮಂಜಮ್ಮ ಜೋಗತಿ ಸಾಕ್ಷಿ. ಬಳ್ಳಾರಿ ಸೀಮೆಯ ಮಂಜುನಾಥ ಶೆಟ್ಟಿ ಎಂಬ ಹುಡುಗನಿಗೆ ಮುತ್ತು ಕಟ್ಟಿದ್ದು ಹುಲಿಗಿಯ ಹುಲಿಗೆಮ್ಮನ ಗುಡಿಯಲ್ಲಿ. ಮನೆ ಬಿಟ್ಟು, ಭಿಕ್ಷೆ ಬೇಡಿ, ವಿಷ ಕುಡಿದು ಬದುಕುಳಿದು, ಕಾಳವ್ವ ಜೋಗತಿಯ ಜೊತೆ ಕುಣಿದು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ಪಡೆಯಲು ಹೋದಾಗ ರಾಷ್ಟ್ರಪತಿಗಳ ಮುಂದೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ಅವರ ಆತ್ಮಕಥೆಯ ಹೆಸರು ‘ನಡುವೆ ಸುಳಿವ ಹೆಣ್ಣು’. ನಮ್ಮ ಜೇಡರ ದಾಸಿಮಯ್ಯನ ವಚನ ನೆನಪಾಯಿತೇ? ಮೈಗುರುತು ನೋಡಿ ಹೆಣ್ಣು-ಗಂಡು ಎಂದು ಹೆಸರಿಡುವವರನ್ನು ಶತಮಾನಗಳ ಹಿಂದೆಯೇ ಆತ ತರಾಟೆಗೆ ತೆಗೆದುಕೊಂಡಿದ್ದ.

ಕಾಗದದ ಮೇಲಿನ ಹೆಸರು

ಸರಕಾರವೂ ಹೆಸರಿಡಲು ಹೊರಟಿತು. 2009ರಲ್ಲಿ ಚುನಾವಣಾ ಆಯೋಗ ಮತದಾರರ ಪಟ್ಟಿಯಲ್ಲಿ ‘ಇತರೆ’ ಎಂದು ಒಂದು ಜಾಗ ಮಾಡಿತು. 2011ರ ಜನಗಣತಿಯಲ್ಲಿ ದೇಶದಲ್ಲಿ 4,87,803 ಜನ ‘ಇತರೆ’ ಎಂದು ಲೆಕ್ಕಕ್ಕೆ ಬಂದರು. ಇತರೆ! ಅಂಗಡಿಯ ಖರ್ಚಿನ ಪಟ್ಟಿಯ ಕೊನೆಯಲ್ಲಿ ಬರೆಯುವ ಶಬ್ದ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಗಂಡು, ಹೆಣ್ಣು ಅಥವಾ ಮೂರನೆಯದು, ತಾನು ಯಾರೆಂದು ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದು ತೀರ್ಪು ಕೊಟ್ಟಿತು. ಆ ತೀರ್ಪಿನಲ್ಲಿ ಜೋಗಪ್ಪಗಳ ಹೆಸರಿದೆ, ಯಲ್ಲಮ್ಮನ ಹೆಸರೂ ಇದೆ. 2019ರ ಕಾಯ್ದೆ ಹೊರಬಿದ್ದಾಗ ಅದರ ವ್ಯಾಖ್ಯೆಯಲ್ಲಿ ‘ಜೋಗ್ತಾ’ ಎಂಬ ಶಬ್ದವನ್ನು ಸೇರಿಸಿದ್ದರು. 2021ರಲ್ಲಿ ಕರ್ನಾಟಕ ಸರಕಾರಿ ನೇಮಕಾತಿಯಲ್ಲಿ ಶೇ. 1 ಮೀಸಲಾತಿ ತಂದಿತು.

ಇನ್ನೊಂದು ಕಡೆ, ಮುತ್ತು ಕಟ್ಟುವ ಪದ್ಧತಿಯನ್ನು ತಡೆಯಲೆಂದು ಬಂದ 1982ರ ದೇವದಾಸಿ ನಿಷೇಧ ಕಾಯ್ದೆ ಮಾತಾಡಿದ್ದು ಹೆಣ್ಣುಮಕ್ಕಳ ಬಗ್ಗೆ ಮಾತ್ರ. ಗಂಡುಹುಡುಗನ ಕೊರಳಿಗೆ ಮುತ್ತು ಬೀಳುವುದು ಆ ಕಾಯ್ದೆಯ ಕಣ್ಣಿಗೆ ಬೀಳಲಿಲ್ಲ.

ಹೆಸರಿನಿಂದ ಏನು ಬಂತು ಎಂದು ಕೇಳುವ ಬುದ್ಧಿವಂತರಿಗೆ ನನ್ನ ಉತ್ತರ ಇಷ್ಟೇ: ಹೆಸರಿಲ್ಲದಿದ್ದರೆ ರೇಷನ್ ಇಲ್ಲ, ಬಾಡಿಗೆ ಮನೆ ಇಲ್ಲ, ಪೊಲೀಸ್ ಠಾಣೆಯಲ್ಲಿ ಕುರ್ಚಿ ಇಲ್ಲ. ಹೊಟ್ಟೆ ತುಂಬಿದವರಿಗೆ ಮಾತ್ರ ಹೆಸರು ಬರಿಯ ಹೆಸರು. ಆದರೆ...

ಮಗ್ಗದ ಹುಡುಗ

ಆದರೆ ಎಂದು ಎಳೆದದ್ದು ಆ ರಾಮದುರ್ಗದ ಸೀಮೆಯ ಹುಡುಗನಿಗಾಗಿ. ಮಗ್ಗದ ಕೆಲಸ. ವಯಸ್ಸು ಇಪ್ಪತ್ತರ ಆಚೀಚೆ. ಪ್ಯಾಂಟು, ಶರ್ಟು, ಎಲ್ಲರಂತೆ ಸಾದಾ ಕ್ರಾಪು. ‘ಅವನು’ ಎಂದು ಬರೆಯುತ್ತಿದ್ದೇನೆ, ಅವನ ಒಪ್ಪಿಗೆ ಕೇಳಿಯೇ. “ಸದ್ಯಕ್ಕ ಬರೀರಿ, ಬೇರೆ ಶಬ್ದ ಸಿಗೂತನಕ” ಎಂದ. ‘ನಾನು ಅವನಲ್ಲ... ಅವಳು’ ಚಿತ್ರವನ್ನು ಫೋನಿನಲ್ಲಿ ಮೂರು ಸಲ ನೋಡಿದ್ದಾನಂತೆ. ವಿಜಯ್ ಅಭಿನಯಕ್ಕೆ ಅತ್ತಿದ್ದಾನೆ.

“ಛಲೋ ಪಿಚ್ಚರ್‌ರಿ. ಆದ್ರ ಅದರಾಗಿನ ವಿದ್ಯಾಗ ಗೊತ್ತಿತ್ತು. ನನಗ ಗೊತ್ತಿಲ್ಲಲ್ರಿ! ಗಂಡಸರ ನಡುವ ಕುಂತ್ರ ನಾ ಇವರಾವಲ್ಲ ಅನಸ್ತೈತಿ. ಒಮ್ಮೆ ನಮ್ಮಕ್ಕನ ಸೀರಿ ಉಟ್ಟು ನೋಡಿದೆ. ಅದೂ ಬ್ಯಾರೆದವರ ಮನಿ ಹೊಕ್ಕಂಗ ಆತು. ಎರಡೂ ಕಡೆ ಬೀಗ ಹಾಕೇತಿ ಅಂತಲ್ಲ, ಎರಡೂ ಕಡೆ ನನ್ನ ಮನಿ ಅಲ್ಲ.”

ಹೀಗೆ ತಿಳಿಯದೇ ಇರುವುದು ತಪ್ಪಲ್ಲ ಎಂದು ಅವನಿಗೆ ಯಾರೂ ಹೇಳಿಲ್ಲ. ಗೆಳೆಯರು ಕೊಟ್ಟ ಹೆಸರುಗಳನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ಬೆಂಗಳೂರಿನ ಪರಿಚಯದವರು ಯಾರೋ ಫೋನಿನಲ್ಲಿ ಹೊಸ ಶಬ್ದಗಳ ಒಂದು ಪಟ್ಟಿಯನ್ನೇ ಕಳಿಸಿದರು. ಓದಿದ. ಇಂಥವರು ನಾನೊಬ್ಬನೇ ಅಲ್ಲ ಎಂದು ಸಮಾಧಾನವಾಯಿತು. ಯಾವುದನ್ನೂ ಹಚ್ಚಿಕೊಳ್ಳಲು ಮನಸ್ಸು ಬರಲಿಲ್ಲ.

ತಾಯಿಗೆ ಮಾತ್ರ ಸಂಶಯವಿಲ್ಲ. ಮಗನ ನಡಿಗೆ ನೋಡಿ, ಕುತ್ತಿಗೆಯ ಮೇಲೆ ಎದ್ದ ಗಂಧೆ ನೋಡಿ, ‘ಯಲ್ಲಮ್ಮ ಕಾಡಾಕತ್ತಾಳ’ ಎಂದು ತೀರ್ಮಾನಿಸಿದಳು. ಆಕೆಯನ್ನು ಬೈಯಲು ನನಗೆ ಮನಸ್ಸಿಲ್ಲ. ಓಣಿಯವರು ‘ನಿಮ್ಮ ಮಗ ಹಿಂಗ್ಯಾಕ’ ಅಂದರೆ ಆಕೆಯ ಹತ್ತಿರ ಉತ್ತರವಿಲ್ಲ. ‘ದೇವಿ ಕರದಾಳ’ ಅಂದರೆ ಓಣಿ ಬಾಯಿ ಮುಚ್ಚುತ್ತದೆ, ಕೈಯನ್ನೂ ಮುಗಿಯುತ್ತದೆ. ಮುತ್ತು ಕಟ್ಟಿಸಿಬಿಟ್ಟರೆ ಮಗ ಮರ್ಯಾದೆಯಿಂದ ಬದುಕುತ್ತಾನೆ ಎಂಬುದು ಆಕೆಯ ಲೆಕ್ಕ. ಪೂರ್ತಿ ತಪ್ಪು ಲೆಕ್ಕವೂ ಅಲ್ಲ.

ಗುಡ್ಡಕ್ಕೆ ಕರೆದುಕೊಂಡೂ ಹೋದಳು. ಅವರಿಬ್ಬರನ್ನು ನಾನು ಮೊದಲು ನೋಡಿದ್ದೇ ಅಲ್ಲಿ, ನಾನು ಆಗಲೇ ಹೇಳಿದ ಆ ಹಿರಿಯ ಜೋಗಪ್ಪನ ಮುಂದೆ. ದಕ್ಷಿಣೆ ಬರುವ ಕೆಲಸ, ಹೂಂ ಅನ್ನುತ್ತಾರೆ ಎಂದುಕೊಂಡೆ. ಅವರು ಹುಡುಗನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

“ನಿನಗ ಬೇಕೇನೋ ತಮ್ಮಾ?”

ಹುಡುಗ ಗೋಣು ಹಾಕಲೂ ಇಲ್ಲ, ಅಲ್ಲಾಡಿಸಲೂ ಇಲ್ಲ.

“ನೋಡವ್ವಾ,” ಎಂದು ತಾಯಿಗೆ ಹೇಳಿದರು, “ಮುತ್ತು ಕಟ್ಟೂದು ಒಂದು ತಾಸಿನ ಕೆಲಸ. ಬಿಚ್ಚೂದು ನಮ್ಮಲ್ಲಿ ಇಲ್ಲ. ನಾ ಕಟ್ಟಿಸಿಕೊಂಡಾಗ ನನಗ ಬೇಕಾಗಿತ್ತು. ಇವಗ ಬೇಕೋ ಬ್ಯಾಡೋ ಇವಗs ತಿಳಿವಲ್ದು. ತಡೀ. ಯಲ್ಲಮ್ಮಗ ಏನು ಅವಸರ ಐತಿ?”

ಕೋರ್ಟು, ಕಾಯ್ದೆ, ಸಿನಿಮಾ ಎಲ್ಲ ಓದಿ ನೋಡಿದ ನನಗೆ ಈ ‘ತಡೀ’ ಎಂಬ ಮಾತು ಬೇರೆಲ್ಲೂ ಸಿಕ್ಕಿರಲಿಲ್ಲ. ಚಿತ್ರಕ್ಕೆ ಎರಡೂವರೆ ತಾಸಿನಲ್ಲಿ ಮುಗಿಯಬೇಕು. ಅರ್ಜಿಯ ನಮೂನೆಗೆ ಒಂದು ಗೆರೆಯಲ್ಲಿ ಮುಗಿಯಬೇಕು. ಹುಡುಗನಿಗೆ ಎಷ್ಟು ವರ್ಷ ಬೇಕೋ!

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಪುಕ್ಕಟೆ ಎಂದರು. ಕಂಡಕ್ಟರ್ ಸೊನ್ನೆ ಬರೆದ ಟಿಕೆಟ್ ಹರಿದು ಕೊಡುತ್ತಾನೆ. ನೀನು ಯಾವುದರಲ್ಲಿ ಬರುತ್ತೀ ಎಂದು ಹುಡುಗನಿಗೆ ಕೇಳಿದೆ.

“ಪೂರಾ ರೊಕ್ಕಾ ಕೊಡಾಕತ್ತೀನ್ರಿ. ಸುಮ್ಮ ಕುಂತ್ರ ಗಂಡಸು ಅಂತ ಲೆಕ್ಕ. ರೊಕ್ಕ ಉಳಿಸಾಕ ಒಂದು ಹೆಸರು ಹೇಳಂದ್ರ, ಅದು ಸುಳ್ಳ ಹೇಳಿದಂಗ ಆಗ್ತೈತಿ. ನಾಳೆ ಖರೇನ ತಿಳಿದ ಮ್ಯಾಲ ಹೇಳ್ತೀನಿ.”

ತಾಯಿ ಗುಡ್ಡದಿಂದ ಇಳಿದ ಮೇಲೆ ಏನಂದಳು ಎಂದೂ ಕೇಳಿದೆ.

“ಬರೂ ಭಾರತ ಹುಣ್ಣಿಮಿಗೆ ನೋಡೂಣು ಅಂದಾಳ್ರಿ. ಹ್ವಾದ ವರ್ಷಾನೂ ಹಂಗs ಅಂದಿದ್ಲು.”