ಸ್ಕಿಜೋಫ್ರೇನಿಯಾ ಮತ್ತು ಕಿರುಮೆದುಳು: ಎಲ್ಲ ತಪ್ಪೂ ಮಾತ್ರೆಯದೇ?



ಧಾರೇಶ್ವರದ ಕಡೆಯ ತಾಯಿಯೊಬ್ಬರು ಇತ್ತೀಚೆಗೆ ನಮ್ಮ ಬಳಿ ಬಂದಿದ್ದರು. ಅವರ ಮಗನಿಗೆ ಸ್ಕಿಜೋಫ್ರೇನಿಯಾ. "ಫಾದರ್, ಮಾತ್ರೆ ತಕ್ಕೊಂಡ ಮೇಲೆ ಕಿವಿಯಲ್ಲಿ ಕೇಳುತ್ತಿದ್ದ ದನಿ ನಿಂತಿದೆ. ಆದರೆ ನಡೆಯುವಾಗ ಎಡವುತ್ತಾನೆ, ಚಹಾ ಚೆಲ್ಲುತ್ತಾನೆ, ದಿನವಿಡೀ ಮೂಲೆಯಲ್ಲಿ ಕೂತಿರುತ್ತಾನೆ. ಊರವರು ಕುಡಿದಿದ್ದಾನೆ ಅನ್ನುತ್ತಾರೆ. ಮಾತ್ರೆ ನಿಲ್ಲಿಸಿಬಿಡಲೇ?" ಎಂದು ಕೇಳಿದರು. ಇದೇ ಪ್ರಶ್ನೆಯನ್ನು ಬೇರೆ ಮನೆಗಳಲ್ಲೂ ಕೇಳಿದ್ದೇವೆ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ತಲೆಯ ಹಿಂಭಾಗದಲ್ಲಿ, ಕತ್ತಿನ ಮೇಲೆ, ಮುಷ್ಟಿಗಾತ್ರದ ಒಂದು ಭಾಗವಿದೆ. ಶಾಲೆಯ ಪುಸ್ತಕದಲ್ಲಿ ಅದನ್ನು ಅನುಮಸ್ತಿಷ್ಕ ಎಂದು ಓದಿದ್ದೇವೆ. ಕಿರುಮೆದುಳು ಎಂದರೂ ಅದೇ. ತೂಕದಲ್ಲಿ ಇಡೀ ಮೆದುಳಿನ ಹತ್ತನೇ ಒಂದು ಪಾಲು ಮಾತ್ರ. ಆದರೆ ಬ್ರೆಜಿಲ್‌ನ ವಿಜ್ಞಾನಿಗಳು 2009ರಲ್ಲಿ ಎಣಿಸಿ ನೋಡಿದಾಗ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿ ಇಲ್ಲೇ ಇದ್ದವು! ಇದರ ಕೆಲಸವೇನು? ಧಾರೇಶ್ವರದ ಕಡಲಿನಲ್ಲಿ ದೋಣಿ ದಡಕ್ಕೆ ಬರುವುದನ್ನು ನೋಡಿ. ಚುಕ್ಕಾಣಿ ಹಿಡಿದವನು ಹುಟ್ಟು ಹಾಕುವುದಿಲ್ಲ. ಪ್ರತಿ ಅಲೆಗೂ ದೋಣಿ ಎಷ್ಟು ವಾಲಿತು ಎಂದು ಅಳೆದು ಅಷ್ಟಷ್ಟೇ ತಿದ್ದುತ್ತಾನೆ. ಕಿರುಮೆದುಳು ಮಾಡುವುದೂ ಹೀಗೆ ಅಳೆದು ತಿದ್ದುವ ಕೆಲಸ. ಅದು ಕೆಟ್ಟರೆ ಲೋಟಕ್ಕೆ ಚಾಚಿದ ಕೈ ಮುಂದೆ ಹೋಗುತ್ತದೆ, ಇಲ್ಲವೇ ಹಿಂದೆಯೇ ನಿಲ್ಲುತ್ತದೆ.

ಬಹುಕಾಲ ಇದನ್ನು ಕೈಕಾಲುಗಳ ಕೆಲಸವೆಂದೇ ತಿಳಿಯಲಾಗಿತ್ತು. 1996ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ನ್ಯಾನ್ಸಿ ಆಂಡ್ರಿಯಾಸನ್ ಮತ್ತು ಸಂಗಡಿಗರು ಸ್ಕಿಜೋಫ್ರೇನಿಯಾ ಇರುವವರಿಗೆ ಕಥೆಗಳನ್ನು ನೆನಪಿಸಿಕೊಳ್ಳಲು ಹೇಳಿ ಮೆದುಳಿನ ಸ್ಕ್ಯಾನ್ ಮಾಡಿದರು. ಹಣೆಯ ಹಿಂದಿನ ಮೆದುಳು, ನಡುವಿನ ಥಲಾಮಸ್ ಮತ್ತು ಕಿರುಮೆದುಳು ಇವುಗಳ ನಡುವಿನ ಜಾಲ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಕೈಯ ಅಳತೆ ತಪ್ಪುವಂತೆ ಯೋಚನೆಯ ಅಳತೆಯೂ ತಪ್ಪುತ್ತದೆ ಎಂಬುದು ಅವರ ಅಭಿಪ್ರಾಯ. ಇದೊಂದೇ ಕಾಯಿಲೆಯ ಕಾರಣ ಎಂದಲ್ಲ. ಅದರಲ್ಲಿ ವಂಶವಾಹಿಗಳದೂ ಮೆದುಳಿನ ಇತರ ಭಾಗಗಳದೂ ಪಾತ್ರವಿದೆ.

ಆ ತಾಯಿಯ ಪ್ರಶ್ನೆಗೆ ಉತ್ತರ ನಮ್ಮ ಬೆಂಗಳೂರಿನಲ್ಲೇ ಇದೆ. ನಿಮ್ಹಾನ್ಸ್ ವೈದ್ಯರು ಒಮ್ಮೆಯೂ ಮಾತ್ರೆ ತೆಗೆದುಕೊಳ್ಳದ ಸ್ಕಿಜೋಫ್ರೇನಿಯಾ ರೋಗಿಗಳನ್ನು ಪರೀಕ್ಷಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಚಲನೆಯ ಹೊಂದಾಣಿಕೆ ತಪ್ಪುವಂಥ ಸಣ್ಣಪುಟ್ಟ ನರದೋಷಗಳು ಆರೋಗ್ಯವಂತರಿಗಿಂತ ಅವರಲ್ಲಿ ಹೆಚ್ಚಾಗಿದ್ದವು. ಅಂದರೆ ತಡವರಿಕೆಯ ಒಂದು ಪಾಲು ಕಾಯಿಲೆಯದೇ. ಹಾಗೆಂದು ಮಾತ್ರೆ ನಿರ್ದೋಷಿಯಲ್ಲ. ಕೈ ನಡುಗುವುದು, ಮೈ ಬಿಗಿಯುವುದು, ಕೂತಲ್ಲಿ ಕೂರಲಾಗದಿರುವುದು ಮಾತ್ರೆಯಿಂದಲೂ ಬರುತ್ತವೆ. ಆಗ ವೈದ್ಯರು ಪ್ರಮಾಣ ಇಳಿಸಬಹುದು, ಮಾತ್ರೆ ಬದಲಿಸಬಹುದು. ಮನೆಯವರೇ ನಿಲ್ಲಿಸಿದರೆ ಮಾತ್ರ ಆ ದನಿಗಳು ಮರಳಿ ಬರುವ ಅಪಾಯ ಬಹಳ.

ಮೂಲೆಯಲ್ಲಿ ಕೂರುವುದೂ ಸೋಮಾರಿತನವಲ್ಲ, ಕಾಯಿಲೆಯ ಲಕ್ಷಣ. ಇದಕ್ಕೆ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ಆದ್ದರಿಂದ ಹೊರಗಿನಿಂದ ಕಾಂತೀಯ ಮಿಡಿತ ಕೊಟ್ಟು ಕಿರುಮೆದುಳನ್ನು ಚುರುಕುಗೊಳಿಸುವ ಪ್ರಯತ್ನ ನಡೆದಿದೆ. 2019ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಕೆಲವೇ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ನಿರಾಸಕ್ತಿ ತಗ್ಗಿತು. ನಿಮ್ಹಾನ್ಸ್‌ನ ಪ್ರಯೋಗದ ವರದಿ 2021ರಲ್ಲಿ ಬಂತು. ಕಿರುಮೆದುಳು ಮತ್ತು ಮುಂಭಾಗದ ನಡುವಿನ ಸಂಪರ್ಕ ಹೆಚ್ಚಿತ್ತು ನಿಜ, ಆದರೆ ನಿಜವಾದ ಮಿಡಿತ ಪಡೆದವರೂ ತೋರಿಕೆಯ ಮಿಡಿತ ಪಡೆದವರೂ ಸುಮಾರು ಒಂದೇ ರೀತಿ ಚೇತರಿಸಿದರು. ಆದ್ದರಿಂದ ಇದನ್ನು ನಂಬಿ ಸಾಲ ಮಾಡಿ ಓಡಬೇಡಿ.

ಎಡವುವುದು ಮಾತ್ರೆಗೆ ಮೊದಲೇ ಇತ್ತೇ, ಆಮೇಲೆ ಬಂತೇ ಎಂದು ನೆನಪಿಸಿಕೊಂಡು ಚೀಟಿಯಲ್ಲಿ ಬರೆದು ವೈದ್ಯರಿಗೆ ತೋರಿಸಿ ಎಂದು ಆ ತಾಯಿಗೆ ಹೇಳಿದೆವು. ಅವರು ಸ್ವಲ್ಪ ಯೋಚಿಸಿ, "ಕಾಲೇಜಿಗೆ ಹೋಗುವಾಗಲೇ ಸೈಕಲ್ ಬಿಟ್ಟುಬಿಟ್ಟಿದ್ದ, ಬೀಳುತ್ತೇನೆ ಅಂತ" ಎಂದರು. ಆಸ್ಪತ್ರೆಗೆ ಹೋಗುವ ಮೊದಲು ಕೇಳಬೇಕಾದದ್ದಿದ್ದರೆ ಸರ್ಕಾರದ ಟೆಲಿ-ಮಾನಸ್ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

- ಸಂ.