ಕೈ ಊರದೆ ಏಳಬಲ್ಲಿರಾ?

ಕಳೆದ ಕಾರ್ತಿಕದಲ್ಲಿ ನೆಂಟರ ಮನೆಯಲ್ಲೊಂದು ಸತ್ಯನಾರಾಯಣ ಪೂಜೆ. ಊಟಕ್ಕೆ ಹಜಾರದಲ್ಲಿ ಚಾಪೆ ಹಾಸಿದ ಪಂಕ್ತಿ, ಹಿತ್ತಿಲಿನ ಶಾಮಿಯಾನದಡಿ ಮೇಜು-ಕುರ್ಚಿ. ಹಿತ್ತಿಲ ಕಡೆ ನೂಕುನುಗ್ಗಲು; ಹಜಾರದಲ್ಲಿ ಅರ್ಧಕ್ಕರ್ಧ ಎಲೆ ಖಾಲಿ. ಕುರ್ಚಿಗೆ ಕಾಯುತ್ತಿದ್ದವರಲ್ಲಿ ಮುದುಕರಿಗಿಂತ ನಲವತ್ತು ದಾಟಿದ ನನ್ನ ಓರಗೆಯವರೇ ಹೆಚ್ಚು. ಹಸಿವು ತಡೆಯದೆ ನಾನು ಹಜಾರಕ್ಕೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತೆ. ಕೂರುವುದೇನೋ ಸಲೀಸಾಯಿತು. ಮಜ್ಜಿಗೆ ಅನ್ನ ಮುಗಿಸಿ ಏಳುವಾಗ ಪಜೀತಿ. ಬಲಗೈ ಎಂಜಲು. ಎಡಗೈ ಊರಿದೆ, ಸಾಲಲಿಲ್ಲ. ಮಂಡಿ ಊರಿದೆ, ಕೊನೆಗೆ ಪಕ್ಕದ ಕಂಬ ಹಿಡಿದೆ. ಎದುರು ಸಾಲಿನಲ್ಲಿದ್ದ, ಎಪ್ಪತ್ತರ ಮೇಲಾದ ಹೆಂಗಸೊಬ್ಬರು ಏನನ್ನೂ ಹಿಡಿಯದೆ ಎದ್ದು, ಸೆರಗು ಸರಿಮಾಡಿಕೊಂಡು ಕೈ ತೊಳೆಯಲು ಹೋದರು.

ಅವತ್ತು ನಾನು ನಪಾಸಾದದ್ದು ನಿಜವಾದ ಒಂದು ವೈದ್ಯಕೀಯ ಪರೀಕ್ಷೆಯಲ್ಲಿ ಎಂದು ಆಮೇಲೆ ತಿಳಿಯಿತು. ಬ್ರೆಜಿಲ್‌ನ ವೈದ್ಯ ಕ್ಲಾಡಿಯೊ ಗಿಲ್ ಅರೌಜೊ ಮತ್ತು ಸಂಗಡಿಗರು ರೂಪಿಸಿದ ಪರೀಕ್ಷೆ ಅದು. ಬರಿಗಾಲಲ್ಲಿ ನೆಲದ ಮೇಲೆ ಕೂರಬೇಕು, ಏಳಬೇಕು, ಅಷ್ಟೇ. ಕೂರುವುದಕ್ಕೆ 5 ಅಂಕ, ಏಳುವುದಕ್ಕೆ 5. ಕೈಯೋ ಮಂಡಿಯೋ ಊರಿದರೆ ಪ್ರತಿಸಲ ಒಂದು ಅಂಕ ಖೋತಾ; ಓಲಾಡಿದರೆ ಅರ್ಧ. ಕಂಬ ಹಿಡಿದವರ ಅಂಕದ ಮಾತೇ ಬೇಡ! 51ರಿಂದ 80 ವಯಸ್ಸಿನ 2,002 ಜನರನ್ನು ಹೀಗೆ ಕೂರಿಸಿ ಎಬ್ಬಿಸಿ, ಸರಾಸರಿ ಆರು ವರ್ಷಕ್ಕೂ ಹೆಚ್ಚು ಕಾಲ ಅವರನ್ನು ಗಮನಿಸಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, 8ರಿಂದ 10 ಅಂಕ ಪಡೆದವರಿಗೆ ಹೋಲಿಸಿದರೆ 3 ಅಥವಾ ಅದಕ್ಕೂ ಕಡಿಮೆ ಪಡೆದವರು ಆ ಅವಧಿಯಲ್ಲಿ ತೀರಿಕೊಳ್ಳುವ ಸಂಭವ ಐದಾರು ಪಟ್ಟು ಹೆಚ್ಚಿತ್ತು. ಹಾಗೆಂದು ನೆಲದ ಮೇಲೆ ಕೂತವರಿಗೆಲ್ಲ ಆಯುಸ್ಸು ಹೆಚ್ಚುತ್ತದೆಂದಲ್ಲ. ಜ್ವರ ಅಳೆಯುವ ಕಡ್ಡಿ ಜ್ವರವನ್ನು ತರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ತೊಡೆಯ ಕಸುವು, ಕೀಲುಗಳ ಬಾಗುವಿಕೆ, ಸಮತೋಲನ, ಮೈತೂಕ ಇವೆಲ್ಲ ಎಷ್ಟರಮಟ್ಟಿಗಿವೆ ಎಂದು ಈ ಪರೀಕ್ಷೆ ಒಂದೇ ಏಟಿಗೆ ಹೇಳಿಬಿಡುತ್ತದೆ.

ಕಸುವು ಸೋರಿಹೋಗುವುದು ಅರವತ್ತರಲ್ಲಲ್ಲ, ಮೂವತ್ತರಿಂದಲೇ. ಮೂವತ್ತು ದಾಟಿದ ಮೇಲೆ ಪ್ರತಿ ದಶಕಕ್ಕೆ ಸ್ನಾಯು ಶೇಕಡಾ 3ರಿಂದ 8ರಷ್ಟು ಕರಗುತ್ತದೆ. ಅರವತ್ತರ ನಂತರ ವೇಗ ಇನ್ನೂ ಹೆಚ್ಚು. ತೂಕದ ಯಂತ್ರಕ್ಕೆ ಇದು ತಿಳಿಯದು, ಏಕೆಂದರೆ ಕರಗಿದ ಮಾಂಸದ ಜಾಗಕ್ಕೆ ಕೊಬ್ಬು ಬಂದು ಕೂರುತ್ತದೆ. ಮದುವೆಯಾದಾಗಿನಷ್ಟೇ ತೂಕ ಇದ್ದೇನೆ ಎಂದು ಹೆಮ್ಮೆಪಡುವವರು ತಮ್ಮ ತೊಡೆಯನ್ನೊಮ್ಮೆ ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯದು. 1980ರ ದಶಕದ ಕೊನೆಯಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಈ ಸವಕಳಿಗೆ ಸಾರ್ಕೋಪೀನಿಯಾ ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಆ ಪದಕ್ಕೆ ಮಾಂಸದ ಬಡತನ ಎಂದರ್ಥ.

ಬಡತನ ಎಲ್ಲ ಎಳೆಗಳಿಗೂ ಒಂದೇ ಸಮ ಬರುವುದಿಲ್ಲ. ಸ್ನಾಯುವಿನಲ್ಲಿ ಎರಡು ಬಗೆಯ ಎಳೆಗಳಿವೆ. ನಿಧಾನದವು ದಣಿಯದೆ ದುಡಿಯುತ್ತವೆ. ನಿಲ್ಲುವುದು, ನಡೆಯುವುದು ಅವುಗಳ ಪಾಲು. ಚುರುಕಿನವು ಬೇಗ ದಣಿಯುತ್ತವೆ, ಆದರೆ ಗಳಿಗೆಯಲ್ಲಿ ಭಾರೀ ಬಲ ಕೊಡುತ್ತವೆ. ಬಚ್ಚಲಲ್ಲಿ ಕಾಲು ಜಾರಿದಾಗ ಬೀಳದಂತೆ ಇನ್ನೊಂದು ಕಾಲನ್ನು ಥಟ್ಟನೆ ಮುಂದಿಡಿಸುವುದು ಇವೇ. ವಯಸ್ಸಾದಂತೆ ಬೆನ್ನುಹುರಿಯಲ್ಲಿರುವ ಕೆಲವು ನರಕೋಶಗಳು ಸಾಯುತ್ತವೆ, ಅವು ಸಾಕುತ್ತಿದ್ದ ಎಳೆಗಳು ತಬ್ಬಲಿಗಳಾಗುತ್ತವೆ. ನೆರೆಯ ನರಗಳು ಕೆಲವನ್ನು ದತ್ತು ತೆಗೆದುಕೊಳ್ಳುತ್ತವೆ, ಉಳಿದವು ಒಣಗುತ್ತವೆ. ಹೆಚ್ಚು ಸೊರಗುವುದು ಚುರುಕಿನ ಎಳೆಗಳೇ. ಅಜ್ಜಿಯರು ಮೈಲಿಗಟ್ಟಲೆ ನಡೆದೂ ಹೊಸ್ತಿಲು ಎಡವಿ ಸೊಂಟ ಮುರಿದುಕೊಳ್ಳುವುದು ಹೀಗೆ.

ಸವಕಳಿ ಸದಾ ಇಳಿಜಾರಿನಂತೆ ಸಾಗುವುದೂ ಇಲ್ಲ. ಕೆಲವೊಮ್ಮೆ ಮೆಟ್ಟಿಲಿನಂತೆ ದಡಕ್ಕನೆ ಇಳಿಯುತ್ತದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಎದ್ದಾಗ ಅವರ ದುಡಿಯುವ ತ್ರಾಣ ಪಾತಾಳಕ್ಕಿಳಿದಿತ್ತು. ಮೂವತ್ತು ವರ್ಷ ಬಿಟ್ಟು, ಐವರಿಗೂ ಐವತ್ತಾದಾಗ, ಮತ್ತೆ ಕರೆಸಿ ಅಳೆದರು. ಮೂವತ್ತು ವರ್ಷದ ಮುಪ್ಪು ಕಿತ್ತುಕೊಂಡದ್ದಕ್ಕಿಂತ ಅಂದಿನ ಮೂರು ವಾರದ ಮಲಗುವಿಕೆ ಕಿತ್ತುಕೊಂಡದ್ದೇ ಹೆಚ್ಚಾಗಿತ್ತು! ನಮ್ಮ ಮನೆಗಳಲ್ಲಿ ಜ್ವರ ಬಿಟ್ಟ ಹಿರಿಯರನ್ನು ಪ್ರೀತಿಯಿಂದ ‘ಏಳಬೇಡಿ, ಮಲಗಿ’ ಎಂದು ಎರಡು ವಾರ ಮಂಚಕ್ಕೆ ಅಂಟಿಸುತ್ತೇವಲ್ಲ, ಆ ಪ್ರೀತಿಯ ಬೆಲೆ ಇದು. ಇಪ್ಪತ್ತರ ಹುಡುಗ ಆ ಮೆಟ್ಟಿಲನ್ನು ಮತ್ತೆ ಹತ್ತಿಬಿಡುತ್ತಾನೆ. ಎಪ್ಪತ್ತೈದರವರಿಗೆ ಹತ್ತಲು ಕೈಯಲ್ಲಿ ಏನಾದರೂ ದಾಸ್ತಾನು ಬೇಕು, ಅದನ್ನು ನಲವತ್ತು ಐವತ್ತರಲ್ಲೇ ಕೂಡಿಟ್ಟಿರಬೇಕು. ಅಂದಹಾಗೆ, ಆ ಐವರೂ ಐವತ್ತರಲ್ಲಿ ಆರು ತಿಂಗಳು ನಡೆದು, ಓಡಿ, ಸೈಕಲ್ ತುಳಿದು ಮೂವತ್ತು ವರ್ಷದಲ್ಲಿ ಕಳೆದುಕೊಂಡಿದ್ದ ತ್ರಾಣವನ್ನು ಮರಳಿ ಪಡೆದರು.

ಈಗ ವಾಕಿಂಗ್ ವಿಷಯ. ನಮ್ಮ ಪಾರ್ಕುಗಳಲ್ಲಿ ಬೆಳಗಾಗೆದ್ದು ಸುತ್ತು ಹಾಕುವವರಿಗೆ ಬೇಸರ ಮಾಡುವ ಉದ್ದೇಶ ನನಗಿಲ್ಲ. ಹೃದಯಕ್ಕೆ ನಡಿಗೆ ಒಳ್ಳೆಯದು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕೂತೇ ಇರುವ ಡ್ರೈವರುಗಳಿಗೆ ಹೃದ್ರೋಗ ಹೆಚ್ಚೆಂದು ಜೆರ್ರಿ ಮಾರಿಸ್ 1953ರಲ್ಲೇ ತೋರಿಸಿದ್ದರು. ಆದರೆ ಸಮತಟ್ಟು ದಾರಿಯ ನಿಧಾನ ನಡಿಗೆ ಚುರುಕಿನ ಎಳೆಗಳನ್ನು ಎಬ್ಬಿಸುವುದಿಲ್ಲ. ಅವು ಏಳುವುದು ಭಾರ ಬಿದ್ದಾಗ, ‘ಇನ್ನೆರಡು ಸಲ ಆದರೆ ಸಾಕಪ್ಪಾ’ ಎನಿಸಿದಾಗ. ಹತ್ತು ಸಾವಿರ ಹೆಜ್ಜೆಯ ಗುರಿಯಂತೂ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಯೆಣಿಕೆ ಯಂತ್ರದ ಹೆಸರಿನಿಂದ ಹುಟ್ಟಿದ್ದು, ವೈದ್ಯಶಾಸ್ತ್ರದಿಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ ವಾರಕ್ಕೆ 150 ನಿಮಿಷದ ನಡಿಗೆಯಂಥ ಚಟುವಟಿಕೆ ಹೇಳಿ ಅಲ್ಲಿಗೇ ನಿಲ್ಲಿಸುವುದಿಲ್ಲ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಭಾರದ ಕೆಲಸ ಕೊಡಿ ಎನ್ನುತ್ತದೆ. ಆ ಎರಡನೇ ಸಾಲನ್ನು ಓದಿದವರು ಕಡಿಮೆ.

ಭಾರವೆಂದರೆ ಜಿಮ್ಮೇ ಆಗಬೇಕಿಲ್ಲ. ಗಣಪತಿ ಮುಂದೆ ಕಿವಿ ಹಿಡಿದು ಹೊಡೆಯುವ ಬಸ್ಕಿ, ಹೋಂವರ್ಕ್ ಮಾಡದ ತಪ್ಪಿಗೆ ಮೇಷ್ಟ್ರು ಹೊಡೆಸುತ್ತಿದ್ದ ಬಸ್ಕಿ, ಮೈಸೂರಿನ ಗರಡಿಮನೆಗಳ ಬಸ್ಕಿ ಎಲ್ಲವೂ ಅದೇ ಕಸರತ್ತು. ನಮ್ಮ ಮೈಯೇ ಭಾರ, ತೊಡೆಯೇ ಜಗ್ಗುವ ಹಗ್ಗ. ಆಗದವರು ಕುರ್ಚಿಯಿಂದ ಕೈ ಊರದೆ ಎದ್ದು ಕೂತರೂ ಆಯಿತು. ಹಾಗೆಂದು ದಿನಕ್ಕೆ ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕೂರುವುದು ಬೇರೆ ಮಾತು. ಯೌವನದಲ್ಲಿ ಹಾಗೆ ಬಹಳ ಹೊತ್ತು ಕೂರುತ್ತಿದ್ದವರಲ್ಲಿ ಮಂಡಿಯ ಸಂಧಿವಾತ ಹೆಚ್ಚು ಎಂದು ಬೀಜಿಂಗ್‌ನ ಹಿರಿಯರ ಅಧ್ಯಯನ ಕಂಡುಕೊಂಡಿದೆ. ನಮಗೆ ಬೇಕಿರುವುದು ಏಳುವ ಕೆಲಸ. ಮಂಡಿ ಆಗಲೇ ನೋಯುತ್ತಿದ್ದರೆ ಡಾಕ್ಟರನ್ನು ಕೇಳಿಯೇ ಶುರುಮಾಡಬೇಕು.

ತಟ್ಟೆಯ ಬಗ್ಗೆ ಎರಡೇ ಮಾತು. ವಯಸ್ಸಾದ ಸ್ನಾಯು ಪ್ರೋಟೀನಿಗೆ ಸ್ವಲ್ಪ ಕಿವುಡು. ಹೆಚ್ಚು ಕೊಟ್ಟರೆ ಮಾತ್ರ ಓಗೊಡುತ್ತದೆ. ಹಿರಿಯರಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಬೇಕೆನ್ನುತ್ತಾರೆ ತಜ್ಞರು. ಒಂದು ಮೊಟ್ಟೆಯಲ್ಲಿರುವುದು ಆರು ಗ್ರಾಂ. ನಮ್ಮ ಹಿರಿಯರು ರಾತ್ರಿ ‘ಜೀರ್ಣವಾಗಲ್ಲ’ ಎಂದು ತಿಳಿಸಾರು ಅನ್ನಕ್ಕೆ ಇಳಿಯುತ್ತಾರೆ, ಬೇಳೆ ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಮೂತ್ರಪಿಂಡದ ತೊಂದರೆ ಇಲ್ಲದವರು ಸೌಟನ್ನು ತಳಕ್ಕೆ ಮುಟ್ಟಿಸಿ ಬಡಿಸಿಕೊಳ್ಳಬಹುದು.

‘ನಲವತ್ತರವರಿಗೆ ಸರಿ, ನಮಗಿನ್ನೇನು’ ಎನ್ನುವವರಿಗೆ ಬಾಸ್ಟನ್ನಿನ ಕಥೆ ಹೇಳಬೇಕು. ಅಲ್ಲಿನ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನ ನಿತ್ರಾಣಿಗಳಿಗೆ ವೈದ್ಯೆ ಮರಿಯಾ ಫಿಯಾಟರೋನ್ ಎಂಟು ವಾರ ಕಾಲಿನಿಂದ ಭಾರ ಎತ್ತುವ ಕಸರತ್ತು ಕಲಿಸಿದರು. 1990ರಲ್ಲಿ ಪ್ರಕಟವಾದ ವರದಿಯಂತೆ ಅವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಏರಿತು. ಇಬ್ಬರು ಊರುಗೋಲು ಬಿಟ್ಟರು. ಕಸರತ್ತು ನಿಲ್ಲಿಸಿದ ನಾಲ್ಕು ವಾರದಲ್ಲಿ ಬಲ ಮೂರನೇ ಒಂದರಷ್ಟು ಇಳಿಯಿತು ಎಂಬ ಸಾಲೂ ಅದೇ ವರದಿಯಲ್ಲಿದೆ.

ಈ ವರದಿಯನ್ನು ಓದಿ ಹೇಳಿದ ಮೇಲೆ ನಮ್ಮಮ್ಮ ಕಸರತ್ತಿಗೆ ಒಪ್ಪಿದಳು. ಅವಳಿಗೆ ಎಪ್ಪತ್ತಮೂರು. ದಿನಾ ಬೆಳಗ್ಗೆ ಹಾಲು ಒಲೆಗಿಟ್ಟು ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಳ್ಳುತ್ತಾಳೆ. ಎದೆಯ ಮೇಲೆ ಕೈ ಕಟ್ಟಿ ಏಳುವುದು, ಕೂರುವುದು. ಮೊದಲ ವಾರ ಮೂರಕ್ಕೇ ಸುಸ್ತು. ‘ಈ ವಯಸ್ಸಲ್ಲಿ ನನ್ನ ಕೈಲಿ ಬಸ್ಕಿ ಹೊಡೆಸ್ತೀಯಲ್ಲೋ’ ಎಂದು ಬೈಯುತ್ತಿದ್ದಳು. ಮೊನ್ನೆ ಎಂಟಾಯಿತು. ಒಂಬತ್ತನೆಯದಕ್ಕೆ ಕೂರುತ್ತಿದ್ದವಳು ಸುರ್ರೆಂದು ಶಬ್ದ ಕೇಳಿದ್ದೇ ‘ಹಾಲು!’ ಎಂದು ಎದ್ದು ಓಡಿದಳು. ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಇನ್ನೂ ತಕರಾರಿದೆ.